ಬ್ಯಾಟು ಮನೆಯೊಳಗಿರಲಿ, ಸಲಿಕೆ ತಿಪ್ಪೆಗೆ ಬರಲಿ

ಸೊಳ್ಳೆ ಬ್ಯಾಟು ಈಗ ಸಿಗದ ಊರಿಲ್ಲ. ಕುಡತಿನಿಯ ಅಂಗಡಿಯಲ್ಲೂ ಇದೆ, ಕುರುಗೋಡು, ಸಿರುಗುಪ್ಪದಲ್ಲೂ ಇದೆ. ಮಕ್ಕಳು ಮಲಗುವ ಕೋಣೆಯಲ್ಲಿ ಹೊಗೆಯಿಲ್ಲದೆ, ಔಷಧದ ವಾಸನೆಯಿಲ್ಲದೆ ನಾಲ್ಕು ಸೊಳ್ಳೆ ಹೊಡೆಯಲು ಅದು ಒಳ್ಳೆಯ ಸಾಧನವೇ. ಆದರೆ ಅದೇ ಬ್ಯಾಟನ್ನು ದನದ ಕೊಟ್ಟಿಗೆಗೂ ಒಯ್ದು, ಒಬ್ಬರು ಹಾಲು ಕರೆಯುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ನೊಣಕ್ಕೆ ಬೀಸುವುದು ಸರಿಯಲ್ಲ. ಕೊಟ್ಟಿಗೆಯ ನೊಣಕ್ಕೆ ಅದು ಮದ್ದಲ್ಲ. ಕೆಲವೊಮ್ಮೆ ಅದರಿಂದ ಹಾಲಿಗೂ ಮನೆಗೂ ಕೇಡೇ ಹೆಚ್ಚು.

ಲೆಕ್ಕ ನೋಡಿ. ಒಂದು ಹೆಣ್ಣು ಮನೆನೊಣ ತನ್ನ ಆಯುಷ್ಯದಲ್ಲಿ ಸುಮಾರು 500 ಮೊಟ್ಟೆ ಇಡುತ್ತದೆ. ನಮ್ಮ ಬಿಸಿಲಿನ ಸೀಮೆಯಲ್ಲಿ ಮೊಟ್ಟೆ ಹುಳುವಾಗಿ, ಹುಳು ನೊಣವಾಗಲು 7ರಿಂದ 10 ದಿನ ಸಾಕು. ನಾವು ಹತ್ತು ನೊಣ ಚಟ್ ಎನಿಸುವಷ್ಟರಲ್ಲಿ ಹಸಿ ತಿಪ್ಪೆಯಲ್ಲಿ ಸಾವಿರ ಹುಳು ತಯಾರಾಗಿರುತ್ತವೆ.

ಇನ್ನು ದನದ ಕಾಲಿಗೆ ಕೂತು ರಕ್ತ ಹೀರುವ ಕಚ್ಚುನೊಣ ಬೇರೆ ಜಾತಿ. ಅದು ಗೋದಲಿಯ ಕೆಳಗೆ ಗಂಜಲ, ಸಗಣಿ ಬೆರೆತು ಕೊಳೆತ ಹುಲ್ಲಿನಲ್ಲಿ ಬೆಳೆಯುತ್ತದೆ. ಕೆಲವೇ ನಿಮಿಷ ರಕ್ತ ಹೀರಿ, ಗೋಡೆಗೋ ಕಂಬಕ್ಕೋ ಹೋಗಿ ಕೂರುತ್ತದೆ. ಅದರ ಕಾಟಕ್ಕೆ ದನ ಕಾಲು ಬಡಿಯುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. 2022ರಲ್ಲಿ ನಮ್ಮ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗವನ್ನು ಹರಡುವುದೂ ಇಂಥ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳೇ. ಲಸಿಕೆ ಹಾಕಿಸಲೇಬೇಕು, ಜೊತೆಗೆ ನೊಣದ ಹುಟ್ಟನ್ನೂ ತಡೆಯಬೇಕು.

ಬ್ಯಾಟಿನ ಚಟಪಟ ಸದ್ದಿಗೆ ದನ ಬೆದರುತ್ತದೆ. ಬೆದರಿದ ದನ ಒದೆಯುತ್ತದೆ, ಹಾಲು ಬಿಡುವುದಿಲ್ಲ. ಇದಕ್ಕಿಂತ ದೊಡ್ಡ ಮಾತು ಸ್ವಚ್ಛತೆಯದು. ವಿದ್ಯುತ್ತಿಗೆ ಸಿಕ್ಕ ನೊಣ ಚೂರಾಗಿ ಸಿಡಿಯುತ್ತದೆ. ಅದರ ಮೈಮೇಲಿನ ರೋಗಾಣುಗಳೂ ಸುತ್ತ ಹರಡುತ್ತವೆ ಎಂಬುದನ್ನು ಅಮೆರಿಕದ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಿದ್ಯುತ್ ನೊಣಬಲೆಗಳ ಮೇಲೆ ಪ್ರಯೋಗ ಮಾಡಿ 2000ರಲ್ಲಿ ಪ್ರಕಟಿಸಿದ್ದಾರೆ. ಸಗಣಿಯ ಮೇಲೆ ಕೂತು ಬಂದ ನೊಣವನ್ನು ತೆರೆದ ಬಕೆಟ್ಟಿನ ಮೇಲೆ ಸುಟ್ಟರೆ ಅದು ಬೀಳುವುದು ಎಲ್ಲಿಗೆ? ನಮ್ಮ ಮಕ್ಕಳು ಕುಡಿಯುವ ಹಾಲಿಗೆ, ಸಂಘದ ಕ್ಯಾನಿಗೆ. ಹಾಲಿನ ಮೇಲೆ ಬೀಸುವ ಬ್ಯಾಟಿಗಿಂತ ಬಿಗಿಯಾದ ಮುಚ್ಚಳ ಮೇಲು.

ಮನೆಯಲ್ಲಿ ಬಳಸುವಾಗಲೂ ಎಚ್ಚರ ಬೇಕು. ಗುಂಡಿ ಬಿಟ್ಟ ಮೇಲೂ ಜಾಲರಿಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ, ಆದ್ದರಿಂದ ಸತ್ತ ಸೊಳ್ಳೆಯನ್ನು ತಕ್ಷಣ ಬೆರಳಿನಿಂದ ತೆಗೆಯಬೇಡಿ. ಚಾರ್ಜಿಗೆ ಹಾಕಿದಾಗ ಬಳಸಬೇಡಿ, ಮಕ್ಕಳ ಕೈಗೂ ಸಿಗದಂತೆ ಇಡಿ. ಒದ್ದೆ ಕೈಯಲ್ಲಿ ಹಿಡಿಯಬೇಡಿ. ಅದರಿಂದ ಕಿಡಿ ಹಾರುತ್ತದೆ. ಗ್ಯಾಸ್ ವಾಸನೆ ಬಂದ ಅಡುಗೆಮನೆ, ಈಗಷ್ಟೇ ಸೊಳ್ಳೆ ಸ್ಪ್ರೇ ಹೊಡೆದ ಕೋಣೆ, ಒಣ ಹುಲ್ಲಿನ ಬಣವೆ, ಇವುಗಳ ಹತ್ತಿರ ಬ್ಯಾಟು ಸುಳಿಯಲೇಬಾರದು.

ಹಾಗಾದರೆ ಏನು ಮಾಡಬೇಕು? ಕೊಟ್ಟಿಗೆಯ ಸಗಣಿ, ಗಂಜಲ, ಮಿಕ್ಕ ಮೇವನ್ನು ದಿನವೂ ತೆಗೆಯಬೇಕು. ಗೋದಲಿಯ ಮೂಲೆಗಳನ್ನು ವಾರಕ್ಕೆ ಎರಡು ಸಲವಾದರೂ ಕೆರೆದು ಒಣಗಿಸಬೇಕು. ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಹಾಕಿ, ಮೇಲೆ ತಾಡಪತ್ರಿ ಮುಚ್ಚಿ ಅಂಚಿಗೆ ಮಣ್ಣು ಒತ್ತಬೇಕು. ಒಳಗಿನ ಕಾವಿಗೆ ಹುಳು ಸಾಯುತ್ತದೆ, ಗೊಬ್ಬರವೂ ಚೆನ್ನಾಗಿ ಕಳಿಯುತ್ತದೆ. ತೆಳ್ಳಗೆ ತಟ್ಟಿದ ಕುಳ್ಳು ಬೇಗ ಒಣಗುವುದರಿಂದ ಅದರಲ್ಲಿ ಹುಳು ಬೆಳೆಯಲಾರದು. ಗೋಬರ್ ಗ್ಯಾಸ್ ಇದ್ದವರು ಸಗಣಿಯನ್ನು ಹಸಿಯಾಗಿರುವಾಗಲೇ ಗುಂಡಿಗೆ ಬಿಡಲಿ. ದನದ ನೀರಿನ ಬಾನಿ, ಮನೆಯ ಡ್ರಮ್ಮು ವಾರಕ್ಕೊಮ್ಮೆ ಬರಿದಾಗಲಿ, ಒಳಗೋಡೆ ಉಜ್ಜಿ ತೊಳೆದು ಮುಚ್ಚಿಡಿ. ಡೆಂಗಿಯ ಸೊಳ್ಳೆ ಹುಟ್ಟುವುದು ಅಲ್ಲೇ.

ಸಗಣಿಯ ಗುಡ್ಡೆ ನಮಗೆ ಹೊಸದೇನಲ್ಲ. ಕುಡತಿನಿಯ ಹತ್ತಿರದ ಬೂದಿದಿಬ್ಬ ನೂತನ ಶಿಲಾಯುಗದ ದನಗಾಹಿಗಳು ಸಾವಿರಾರು ವರ್ಷಗಳ ಹಿಂದೆ ದೊಡ್ಡಿಯ ಸಗಣಿ ಕೂಡಿಹಾಕಿ ಸುಟ್ಟದ್ದರಿಂದ ಆದದ್ದು. ಅವರು ಯಾಕೆ ಸುಟ್ಟರೆಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ನಾವು ಸುಡುವುದು ಬೇಡ, ಅದು ಹೊಲಕ್ಕೆ ಹೋಗಬೇಕಾದ ಬಂಗಾರ.

ಕೊನೆಗೆ ಒಂದು ಮಾತು ಹೇಳದೆ ವಿಧಿಯಿಲ್ಲ. ತಿಪ್ಪೆ ದೂರ ಮಾಡಿ ಎಂದು ಸಲಹೆ ಕೊಡುವುದು ಸುಲಭ, ಬುಟ್ಟಿ ಹೊರುವ ತಲೆ ಯಾರದು? ಸಗಣಿ ಬಾಚುವುದು ಹೆಂಗಸರ ಪಾಲು, ಗೊಬ್ಬರ ಮಾರಿದ ದುಡ್ಡಿನ ಲೆಕ್ಕ ಗಂಡಸರ ಪಾಲು ಎಂಬ ಮನೆಗಳು ಇನ್ನೂ ಇವೆ. ದೂರದ ತಿಪ್ಪೆಗೆ ಸಗಣಿ ಸಾಗಿಸುವುದು ಮನೆಮಂದಿಯೆಲ್ಲರ ಕೆಲಸವಾಗಲಿ. ಕೊಟ್ಟಿಗೆಗೆ ಇಳಿಜಾರಿನ ಗಟ್ಟಿ ನೆಲ, ಗಂಜಲ ಹರಿಯಲು ಒಂದು ಚರಂಡಿ, ಸಗಣಿ ಒಯ್ಯಲು ಒಂದು ಕೈಗಾಡಿ, ಈ ಮೂರನ್ನು ನಮ್ಮ ಮಹಿಳಾ ಸಂಘಗಳು ಮುಂದಿನ ಸಭೆಯಲ್ಲೇ ಚರ್ಚೆಗೆ ತರಲಿ. ಇದಕ್ಕೆ ಯಾವ ಸಾಲ, ಯಾವ ಸಹಾಯಧನ ಸಿಗುತ್ತದೆಂದು ಕಾರ್ಯದರ್ಶಿಗಳನ್ನು, ವಿಸ್ತರಣಾಧಿಕಾರಿಗಳನ್ನು ಕೇಳೋಣ. ವರ್ಷಕ್ಕೊಂದು ಬ್ಯಾಟು ಕೆಟ್ಟು ಮೂಲೆ ಸೇರುತ್ತದೆ. ಒಮ್ಮೆ ಹಾಕಿದ ನೆಲ, ತೋಡಿದ ಚರಂಡಿ ನಮ್ಮ ಸೊಸೆಯಂದಿರ ಕಾಲಕ್ಕೂ ಉಳಿಯುತ್ತದೆ.