ಬೆಟ್ಟ ನೋಡಲು ಬರುವ ನೆಂಟರಿಗೆ ಮೊದಲೇ ಹೇಳಬೇಕಾದ ಮಾತು

ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಬಿಟ್ಟಿತೆಂದರೆ ಗೂಡಲೂರು, ಮಸಿನಗುಡಿ, ಊಟಿ, ಕೋಟಗಿರಿ ಕಡೆಯ ಕನ್ನಡ ಮನೆಗಳಲ್ಲಿ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಆ ಕಡೆಯಿಂದ ಗುಂಡ್ಲುಪೇಟೆಯವರು, ಚಾಮರಾಜನಗರದವರು, ಮೈಸೂರಿನವರು. “ಮಾವ, ಶನಿವಾರ ಬೆಳಗ್ಗೆನೇ ಹೊರಟ್‌ಬರ್ತೀವಿ. ದೊಡ್ಡಬೆಟ್ಟ ತೋರ್ಸಿ, ಒಂದ್ ರಾತ್ರಿ ಎಲ್ಲಾದ್ರೂ ಕಾಡಂಚಲ್ಲಿ ಟೆಂಟ್ ಹಾಕ್ಕೊಂಡು ಇರೋ ಹಂಗ್ ಮಾಡ್ಕೊಡಿ, ಸಾಕು.” ಈ ಕಡೆಯವರು “ಬನ್ನಿ, ಬನ್ನಿ” ಅನ್ನುತ್ತಾರೆ. ನೆಂಟರನ್ನು ಬೇಡ ಅನ್ನುವುದುಂಟೆ?

ಬರುವವರ ಆಸೆಯಲ್ಲಿ ತಪ್ಪಿಲ್ಲ. ಬಿಸಿಲಲ್ಲಿ ಬೆಂದವರಿಗೆ ಎರಡು ದಿನ ತಂಪು ಗಾಳಿ, ಕಣ್ತುಂಬ ಹಸಿರು ಬೇಕೆನಿಸುವುದು ಸಹಜ. ಆದರೆ “ಬನ್ನಿ” ಅನ್ನುವ ಮಾತಿನ ಜೊತೆಗೆ ಇನ್ನೂ ನಾಲ್ಕು ಮಾತು ಹೇಳದೆ ಹೋದರೆ ತೊಂದರೆ ಬರುವವರಿಗೂ ಉಂಟು, ಬೆಟ್ಟಕ್ಕೂ ಉಂಟು. ಆ ನಾಲ್ಕು ಮಾತನ್ನು ಹೇಳಬೇಕಾದವರು ಇಲ್ಲೇ ಬದುಕುತ್ತಿರುವ ಕನ್ನಡದವರು. ಯಾಕೆಂದರೆ ಎರಡೂ ಕಡೆಯ ಸಂಗತಿ ಗೊತ್ತಿರುವವರು ಅವರೇ.

ಮೊದಲನೆಯದು ಪಾಸಿನ ಮಾತು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರಲ್ಲಿ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000 ವಾಹನ ಎಂದು ಮಿತಿ ಹಾಕಿತು. ಪಾಸಿಗೆ ದುಡ್ಡು ಕೊಡಬೇಕಾಗಿಲ್ಲ. ಗಾಡಿ ನಂಬರು, ಎಷ್ಟು ಜನ, ಯಾವ ದಿನ, ಎಲ್ಲಿ ಉಳಿಯುವುದು ಎಂದು ಆನ್‌ಲೈನಿನಲ್ಲಿ ತುಂಬಿದರೆ ಮುಗಿಯಿತು. ಆದರೂ ಎಷ್ಟೋ ಜನ ಕೆಕ್ಕನಹಳ್ಳ ಚೆಕ್‌ಪೋಸ್ಟಿಗೆ ಬಂದಮೇಲೇ ಪಾಸಿನ ಸುದ್ದಿ ಕೇಳುವುದು. ಅಲ್ಲಿ ಗಾಡಿ ಬದಿಗೆ ಹಾಕಿ, ಸಿಗ್ನಲ್ ಸಿಗದ ಮೊಬೈಲು ಹಿಡಿದು, ಮಕ್ಕಳಿಗೆ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡುತ್ತಾ ಕೂರುವ ಬದಲು ಮನೆಯಲ್ಲೇ ಹತ್ತು ನಿಮಿಷ ಕೊಟ್ಟರೆ ಆಗದೆ? ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಈ ರಗಳೆಯೇ ಇಲ್ಲ. ಮೈಸೂರಿನಿಂದ ಊಟಿಗೆ ಬಸ್ಸು ಇದ್ದೇ ಇದೆ.

ಇ-ಪಾಸ್ ಎಲ್ಲರಿಗೂ ಇಷ್ಟವಾದ ಸಂಗತಿಯೇನಲ್ಲ. 2025ರ ಏಪ್ರಿಲ್ 2ರಂದು ನೀಲಗಿರಿಯ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದ್ದರು. ಮೂರು ತಿಂಗಳ ಸೀಸನ್ನಿನ ದುಡಿಮೆಯಲ್ಲಿ ವರ್ಷವಿಡೀ ಬದುಕುವ ಚಹಾ ಅಂಗಡಿಯವರು, ಟ್ಯಾಕ್ಸಿಯವರು, ಸಣ್ಣ ಲಾಡ್ಜಿನವರು ಹೊಟ್ಟೆಪಾಡಿನ ಮಾತಾಡಿದ್ದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಮೇ ತಿಂಗಳಲ್ಲಿ ಊಟಿ ರಸ್ತೆಯಲ್ಲಿ ಆಂಬುಲೆನ್ಸೂ ಅಲುಗಾಡದಂತೆ ಗಾಡಿ ನಿಂತಿದ್ದನ್ನು ಕಂಡವರಿಗೆ ಕೋರ್ಟು ಯಾಕೆ ನಡುವೆ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟ ಎಷ್ಟು ಗಾಡಿ ತಾಳಿಕೊಂಡೀತು ಎಂದು ಅಧ್ಯಯನ ಮಾಡುವ ಕೆಲಸವನ್ನು ಐಐಟಿ ಮದ್ರಾಸ್ ಮತ್ತು ಬೆಂಗಳೂರಿನ ಐಐಎಂಗೆ ಕೋರ್ಟು ವಹಿಸಿತು. ಲೆಕ್ಕವಿಲ್ಲದೆ ಬಿಡುವುದೂ ಬೇಡ, ಪೂರ್ತಿ ಬಾಗಿಲು ಹಾಕುವುದೂ ಬೇಡ ಎಂಬ ನಡುವಿನ ದಾರಿ ಅದು.

ಎರಡನೆಯದು ರಸ್ತೆಯ ಮಾತು. ಬಂಡೀಪುರ–ಮುದುಮಲೆ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಿಂದ ಬಂದಿರುವ ಕಟ್ಟಳೆ ಇದು. “ಆಫೀಸ್ ಮುಗಿಸ್ಕೊಂಡು ಸಂಜೆ ಹೊರಟ್ರೆ ಆಯ್ತು” ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕು. ತೆಪ್ಪಕಾಡಿನಿಂದ ಮಸಿನಗುಡಿ ಮೇಲೆ ಹೋಗುವ ಕಲ್ಹಟ್ಟಿ ಘಾಟಿ ಹತ್ತಿರದ ದಾರಿ ನಿಜ. ಆದರೆ ಅಲ್ಲಿ 36 ಕಡಿದಾದ ತಿರುವುಗಳಿವೆ. ಬಯಲುಸೀಮೆಯ ನೆಟ್ಟಗಿನ ರಸ್ತೆಯಲ್ಲಿ ಎಷ್ಟು ವರ್ಷ ಗಾಡಿ ಓಡಿಸಿದ್ದರೂ ಈ ಇಳಿಜಾರಿನಲ್ಲಿ ಬ್ರೇಕು ಕಾದು ಕೈಕೊಟ್ಟಾಗ ಆ ಅನುಭವ ಕೆಲಸಕ್ಕೆ ಬರುವುದಿಲ್ಲ. ಗೂಡಲೂರು ಮೇಲೆ ಸುತ್ತಿಕೊಂಡು ಬಂದರೆ ಸ್ವಲ್ಪ ಹೊತ್ತು ಹೆಚ್ಚಾದೀತು, ಅಷ್ಟೇ.

ಮೂರನೆಯದು ಟೆಂಟಿನ ಮಾತು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕಾಡಂಚಿನ ಯಾವುದೋ ತೋಟದಲ್ಲಿ, ಹೊಳೆ ದಂಡೆಯಲ್ಲಿ, ಪರಿಚಯದವರ ಖಾಲಿ ಜಾಗದಲ್ಲಿ ಟೆಂಟ್ ಹಾಕಿ ಬೆಂಕಿ ಹಚ್ಚಿಕೊಂಡು ಕೂರುವುದು ಫೋಟೋದಲ್ಲಿ ಚೆಂದ. ವಯನಾಡಿನ ಮೇಪ್ಪಾಡಿಯಲ್ಲಿ 2021ರ ಜನವರಿಯಲ್ಲಿ ಹೀಗೆ ಟೆಂಟಿನಲ್ಲಿ ಉಳಿದಿದ್ದ ಪ್ರವಾಸಿ ಮಹಿಳೆಯೊಬ್ಬರು ಆನೆ ದಾಳಿಗೆ ಬಲಿಯಾದರು. ಅದೇ ತಿಂಗಳು ಮಸಿನಗುಡಿಯಲ್ಲಿ, ಜನ ಉಳಿಯುವ ಜಾಗದ ಹತ್ತಿರ ಬಂದ ಆನೆಯ ಮೇಲೆ ಉರಿಯುವ ಬಟ್ಟೆ–ಟಯರು ಎಸೆದ ದೃಶ್ಯ ಹೊರಬಂತು. ಆ ಆನೆ ಸತ್ತೇಹೋಯಿತು. ಒಂದು ಕಡೆ ಮನುಷ್ಯರ ಜೀವ, ಒಂದು ಕಡೆ ಆನೆಯ ಜೀವ. ಎರಡಕ್ಕೂ ಕಾರಣ ಒಂದೇ: ಆನೆ ನಡೆಯುವ ದಾರಿಯಲ್ಲಿ ಮನುಷ್ಯರು ಹಾಸಿಗೆ ಹಾಸಿದ್ದು. ಸೀಗೂರು ಬಯಲಿನ ಆನೆ ದಾರಿಯನ್ನು ಕಾಪಾಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ.

ಚಾರಣದ ಮಾತೂ ಇಷ್ಟೇ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿದ ಚಾರಣಿಗರಲ್ಲಿ 23 ಮಂದಿ ತೀರಿಕೊಂಡರು. ಒಣ ಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಗಾಳಿಯ ಜೊತೆ ಮೇಲಕ್ಕೇ ಓಡುತ್ತದೆ. ಅದನ್ನು ಹಿಂದೆ ಹಾಕಲು ಮನುಷ್ಯರ ಕಾಲಿಗೆ ಆಗದು. ಅದಾದ ಮೇಲೆ ತಮಿಳುನಾಡು ಚಾರಣಕ್ಕೆ ನಿಯಮ ಮಾಡಿತು. 2024ರ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಟ್ರೆಕ್ ತಮಿಳುನಾಡು’ ಯೋಜನೆ ಶುರುವಾಗಿ, ರಾಜ್ಯದ 40 ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಬಂತು. ಜೊತೆಗೆ ಬರುವ ಮಾರ್ಗದರ್ಶಕರು ಕಾಡಿನಲ್ಲೇ, ಕಾಡಂಚಿನಲ್ಲೇ ಹುಟ್ಟಿ ಬೆಳೆದ ಬುಡಕಟ್ಟಿನ ಮತ್ತು ಹಳ್ಳಿಯ ಯುವಕ ಯುವತಿಯರು. ಕೊಡುವ ದುಡ್ಡಿನಲ್ಲಿ ಒಂದು ಪಾಲು ಅವರ ಮನೆಗೆ ಹೋಗುತ್ತದೆ. ಮಕ್ಕಳು, ವಯಸ್ಸಾದವರು ಇರುವ ಕುಟುಂಬಕ್ಕೆ ಊಟಿ ಹತ್ತಿರದ ಕೇರ್ನ್ ಹಿಲ್, ಕೋಟಗಿರಿಯ ಲಾಂಗ್‌ವುಡ್ ಶೋಲಾ ಸಾಕು. ಕಾಲು ಗಟ್ಟಿ ಇರುವವರಿಗೆ ಅವಲಾಂಚಿಯಿಂದ ಕೋಲಾರಿಬೆಟ್ಟ, ದೇವರಬೆಟ್ಟದ ದಾರಿಗಳಿವೆ. ಬೆಂಕಿಯ ಕಾಲದಲ್ಲಿ ಇವನ್ನು ಮುಚ್ಚುತ್ತಾರೆ. 2025ರಲ್ಲಿ ಫೆಬ್ರವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಮುಚ್ಚಿದ್ದರು. ಮಳೆಗಾಲವನ್ನೂ ಹಗುರಾಗಿ ನೋಡುವಂತಿಲ್ಲ. ಇದೇ ಅವಲಾಂಚಿಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿದ್ದಿತ್ತು.

ನಾಲ್ಕನೆಯದು ಕಸದ ಮಾತು. ನೀಲಗಿರಿಯಲ್ಲಿ ಪ್ಲಾಸ್ಟಿಕ್ ವಿರುದ್ಧದ ಹೋರಾಟ ಇಪ್ಪತ್ತೈದು ವರ್ಷದಷ್ಟು ಹಳೆಯದು. ಇಲ್ಲಿ ಸಣ್ಣ ನೀರಿನ ಬಾಟಲಿ ಹಿಡಿದುಕೊಂಡು ಬಂದರೆ ಚೆಕ್‌ಪೋಸ್ಟಿನಲ್ಲೇ ಇಳಿಸಿಕೊಳ್ಳುತ್ತಾರೆ, ದಂಡವೂ ಬೀಳಬಹುದು. ಮನೆಯಿಂದ ಒಂದು ಸ್ಟೀಲ್ ಬಾಟಲಿ, ಬುತ್ತಿಗೆ ಒಂದು ಡಬ್ಬಿ ತಂದರೆ ಆಯಿತು. ಕುಡಿಯುವ ನೀರಿಗೆ ಅಲ್ಲಲ್ಲಿ ನೀರಿನ ಎಟಿಎಂ ಇಟ್ಟಿದ್ದಾರೆ. ಬೆಟ್ಟದ ಮೇಲಿನ ಹುಲ್ಲುಗಾವಲು, ಮಡಿಲಿನ ಶೋಲಾ ಕಾಡು ಎರಡೂ ಸೇರಿ ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಅದೇ ನೀರು ಮೋಯಾರ್ ಆಗಿ ಹರಿದು, ಭವಾನಿಸಾಗರ ಸೇರಿ, ಕೊನೆಗೆ ಕಾವೇರಿಗೆ ಹೋಗುತ್ತದೆ. ಮೇಲೆ ಬಿಸಾಡಿದ ಬಾಟಲಿ ಕೆಳಗಿನ ಊರಿನವರ ನೀರಿನಲ್ಲೇ ತೇಲುವುದು.

ಇವಿಷ್ಟೂ ಬರುವವರ ಪಾಲಿನ ಕರ್ತವ್ಯ. ಆದರೆ ಸರ್ಕಾರದ ಪಾಲೂ ಒಂದಿದೆ. ಗುಂಡ್ಲುಪೇಟೆ ದಾರಿಯಲ್ಲಿ ಬೆಟ್ಟ ಹತ್ತುವವರಲ್ಲಿ ಬಹಳ ಜನ ಕನ್ನಡ ಓದುವವರು. ಇ-ಪಾಸಿನ ನಿಯಮ, ರಾತ್ರಿ ಸಂಚಾರದ ಹೊತ್ತು, ಘಾಟಿಯ ಎಚ್ಚರಿಕೆ, ಆನೆ ಓಡಾಡುವ ಜಾಗ, ತುರ್ತು ಫೋನ್ ನಂಬರು ಇಷ್ಟನ್ನು ತಮಿಳು, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಅದನ್ನೂ ಕೆಕ್ಕನಹಳ್ಳಕ್ಕೆ ಬಂದಮೇಲೆ ಅಲ್ಲ, ಗುಂಡ್ಲುಪೇಟೆ ಬಸ್‌ ನಿಲ್ದಾಣದಲ್ಲೇ ಕಾಣುವಂತೆ ಹಾಕಲು ಎರಡೂ ರಾಜ್ಯದ ಅಧಿಕಾರಿಗಳು ಒಂದು ಸಲ ಕೂತು ಮಾತಾಡಬೇಕು. ಇದು ಭಾಷೆಯ ಜಗಳದ ಮಾತಲ್ಲ. ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಚಾರಣದ ಮಾರ್ಗದರ್ಶಕರನ್ನು ಆರಿಸುವಾಗಲೂ ಗೂಡಲೂರು, ಮಸಿನಗುಡಿ ಕಡೆಯ ಕನ್ನಡ ಬಲ್ಲ ಹುಡುಗರಿಗೆ, ಹುಡುಗಿಯರಿಗೆ ಅವಕಾಶ ಕೊಟ್ಟರೆ ಅವರಿಗೆ ಕೆಲಸವೂ ಆದೀತು, ಬಂದವರಿಗೆ ಮಾತೂ ತಿಳಿದೀತು.

ಈ ಬೆಟ್ಟಗಳಿಗೂ ಕನ್ನಡಕ್ಕೂ ಇರುವ ನೆಂಟಸ್ತಿಕೆ ಇಂದು ನಿನ್ನೆಯದಲ್ಲ. 2,637 ಮೀಟರ್ ಎತ್ತರದ ದೊಡ್ಡಬೆಟ್ಟ ನೀಲಗಿರಿಗೇ ದೊಡ್ಡದು ಎಂಬುದನ್ನು ಅದರ ಹೆಸರೇ ಕನ್ನಡದ ಮಗುವಿಗೂ ಹೇಳುತ್ತದೆ. ಕೋಟಗಿರಿ ಸೀಮೆಯ ರಂಗಸ್ವಾಮಿ ಬೆಟ್ಟ ಇರುಳರಿಗೂ ಬಡಗರಿಗೂ ಪೂಜೆಯ ಜಾಗ. ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಕೊಡನಾಡಿನ ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ಮೋಯಾರ್ ಕಣಿವೆಯಲ್ಲಿ ತೆಂಗುಮರಹಡ ಎಂಬ ಊರು ಕಾಣುತ್ತದೆ. ಹೆಸರಿನಲ್ಲಿ ಕನ್ನಡ ಇದ್ದಮಾತ್ರಕ್ಕೆ ಬೆಟ್ಟ ಕನ್ನಡದವರ ಆಸ್ತಿಯಾಗುವುದಿಲ್ಲ. ಅದು ಮೊದಲು ತೋಡರದು, ಕೋಟರದು, ಕುರುಂಬರದು, ಇರುಳರದು, ಬಡಗರದು, ಆನೆ ಕಾಟಿಗಳದು. ಕನ್ನಡದವರು ನೆಂಟರು. ನೆಂಟರ ಮನೆಗೆ ಬಂದವರು ಹೇಗೆ ನಡೆದುಕೊಳ್ಳಬೇಕೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಈ ಸಲ ಫೋನು ಬಂದಾಗ “ಬನ್ನಿ” ಅಂದು ಸುಮ್ಮನಾಗದೆ ಇನ್ನಷ್ಟು ಹೇಳಿ: ಪಾಸು ತೆಗೆದುಕೊಂಡೇ ಹೊರಡಿ, ಕತ್ತಲಾಗುವ ಮುಂಚೆ ಕಾಡು ದಾಟಿ, ಗೂಡಲೂರು ಮೇಲೆ ಬನ್ನಿ, ಸ್ಟೀಲ್ ಬಾಟಲಿ ಮರೆಯಬೇಡಿ, ಟೆಂಟಿನ ಮಾತು ಬಿಡಿ, ನಮ್ಮನೆ ಹಜಾರದಲ್ಲೇ ಚಾಪೆ ಹಾಸಿಕೊಡ್ತೀವಿ ಅಂತ. ಸ್ವಲ್ಪ ಮುಖ ಊದಿಸಿಕೊಂಡಾರು. ಆದರೆ ಬಂದಷ್ಟೇ ಜನ ಸುಖವಾಗಿ ಊರು ಸೇರಿದ ಮೇಲೆ ಆ ಮುನಿಸು ಎಷ್ಟು ದಿನದ್ದು? ಮಾವನ ಮಾತು ಮುಂದಿನ ಬೇಸಿಗೆಗೆ ನೆನಪಾಗಿಯೇ ಆಗುತ್ತದೆ.