ವಾಕಿಂಗ್ ಮಾಡಿ ಅನ್ನೋ ಮೊದಲು ಫುಟ್‌ಪಾತ್ ಕೊಡಿ

ಯಾರಿಗಾದರೂ ಮೂವತ್ತಕ್ಕೇ ಶುಗರ್ ಬಂತು ಅಂದ ಕೂಡಲೇ ನಾವು ಹೇಳುವುದು ಒಂದೇ ಮಾತು: ‘ವಾಕಿಂಗ್ ಮಾಡ್ಬೇಕಿತ್ತು.’ ಹೆಬ್ಬಾಳದಲ್ಲಿ ಬಸ್ ಇಳಿದು ರಸ್ತೆ ದಾಟಲು ಕಾಯುವಾಗಲೆಲ್ಲ ನನಗೆ ಅನ್ನಿಸುತ್ತದೆ, ಎಲ್ಲಿ ಮಾಡಬೇಕಿತ್ತು?

ಸಲಹೆ ತಪ್ಪಲ್ಲ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲು ಹೋಗುವುದು ಸ್ನಾಯುಗಳಿಗೆ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಹೀರಬಲ್ಲದು. ಕೂತೇ ಇದ್ದರೆ ಆ ದಾರಿ ತೆರೆಯುವುದಿಲ್ಲ. ಹೈದರಾಬಾದಿನ 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 84 ಮಂದಿಯ ಲಿವರ್‌ನಲ್ಲಿ ಕೊಬ್ಬು ಹೆಚ್ಚಿತ್ತು. ನಮ್ಮ ಮಾನ್ಯತಾ ಟೆಕ್ ಪಾರ್ಕಿನ ಕುರ್ಚಿಗಳೇನೂ ಬೇರೆ ಥರದವಲ್ಲ. ‘ನಾನು ಸಣ್ಣಗಿದ್ದೀನಲ್ಲ’ ಅನ್ನುವಂತೆಯೂ ಇಲ್ಲ. ತೂಕ ಕಡಿಮೆಯಿದ್ದೂ ಹೊಟ್ಟೆಯೊಳಗೆ ಕೊಬ್ಬು ಕೂಡುವುದು ಭಾರತೀಯರಲ್ಲಿ ಸಾಮಾನ್ಯ.

ಆದರೆ ಇದನ್ನು ಬರೀ ಸೋಮಾರಿತನ ಅಂದರೆ ಲೆಕ್ಕ ತಾಳೆಯಾಗಲ್ಲ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ಭಾರತೀಯ ವಯಸ್ಕರು 2000ರಲ್ಲಿ ಶೇ 22. 2022ರಲ್ಲಿ ಶೇ 49. ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ಇಡೀ ದೇಶಕ್ಕೆ ಒಟ್ಟಿಗೇ ಸೋಮಾರಿತನ ಅಂಟಿತಾ? ಅದೂ ಮನೆ, ಆಫೀಸು ಎರಡನ್ನೂ ಹೊರುವ ಹೆಂಗಸರಿಗೇ ಜಾಸ್ತಿ ಅಂಟಿತಾ? ಬದಲಾಗಿದ್ದು ಕೆಲಸದ ರೀತಿ, ಓಡಾಟದ ರೀತಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೇ ಷರತ್ತನ್ನು ಅದು 2020ರಲ್ಲಿ ಕೈಬಿಟ್ಟಿತು. ಅಂದರೆ ಯಶವಂತಪುರ ಮೆಟ್ರೊ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕುಂಟು, ಆರ್‌.ಟಿ. ನಗರದಲ್ಲಿ ಬಸ್‌ಸ್ಟಾಪಿಗೆ ಚುರುಕಾಗಿ ನಡೆದ ಐದು ನಿಮಿಷವೂ. ಹಾಗಾದರೆ ಫುಟ್‌ಪಾತ್ ಅನ್ನೋದು ಆರೋಗ್ಯದ ವಿಷಯವೇ ತಾನೆ?

ಹೆಬ್ಬಾಳದ ಹೆಸರೆತ್ತಿದರೆ ಸರ್ಕಾರ ಮಾತಾಡುವುದು ಮಾತ್ರ ಫ್ಲೈಓವರ್ ಲೂಪು, ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆ. ಎರಡೂ ಗಾಡಿಗಳಿಗೆ. ಕೇಳೋಣವೆಂದರೆ, 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಉತ್ತರಕ್ಕೇ ಒಂದು ಪಾಲಿಕೆಯಾಯಿತು.

ಯಲಹಂಕವಿರಲಿ, ಹೆಬ್ಬಾಳವಿರಲಿ, ಓಟು ಕೇಳಿಕೊಂಡು ಬರುವವರ ಮುಂದೆ ಒಂದೇ ಪ್ರಶ್ನೆ ಇಡಿ: ರಾತ್ರಿ ಒಂಬತ್ತಕ್ಕೆ ಬಸ್‌ಸ್ಟಾಪಿನಿಂದ ನನ್ನ ತಂಗಿ ಒಬ್ಬಳೇ, ಫುಟ್‌ಪಾತ್ ಮೇಲೆ, ದೀಪದ ಬೆಳಕಲ್ಲಿ ಮನೆಗೆ ನಡೆದು ಬರೋಕಾಗುತ್ತಾ? ಆಗುತ್ತೆ ಅನ್ನುವಂತಾದ ಮೇಲೆ ನಮ್ಮ ಸೋಮಾರಿತನದ ಬಗ್ಗೆ ಮಾತಾಡೋಣ.