ಆಪರೇಷನ್ನಿಗೆ ಎಷ್ಟು ಹೊತ್ತಿನ ಉಪವಾಸ?

ದೇವದುರ್ಗ, ಮಾನ್ವಿಗಳಿಂದ ದೊಡ್ಡ ಆಪರೇಷನ್ನಿಗೆಂದು ರಾಯಚೂರಿಗೆ ಬರುವ ಅಜ್ಜನಿಗೆ ರಾತ್ರಿಯಿಂದಲೇ ಗುಟುಕು ನೀರೂ ಇಲ್ಲ. ಸರದಿ ಮಧ್ಯಾಹ್ನ, ಅದೂ ರಾಯಚೂರಿನ ಬಿಸಿಲು!

ಭಯಕ್ಕೆ ಕಾರಣವುಂಟು. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಹೆರಿಗೆಯ ಪ್ರಕರಣಗಳಿಂದ ಮೆಂಡೆಲ್‌ಸನ್ ಇದನ್ನು ವಿವರಿಸಿದ್ದು 1946ರಲ್ಲಿ. ಆದರೆ ರೊಟ್ಟಿ ತಿಂದ ಮೇಲೆ ಕನಿಷ್ಠ 6 ಗಂಟೆ ಬೇಕು, ಬರೀ ನೀರಿಗೆ 2 ಗಂಟೆ ಸಾಕು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕಿಲ್ಲ.

ಈಗ ಕೆಲವೆಡೆ 2 ಗಂಟೆ ಮೊದಲು ಸುಮಾರು 400 ಮಿಲಿಲೀಟರ್ ಶರ್ಕರಪಿಷ್ಟದ ಪಾನೀಯವನ್ನೇ ಕೊಡುತ್ತಾರೆ. ಹಸಿವು, ಬಾಯಾರಿಕೆ, ತಳಮಳ ತಗ್ಗುತ್ತವೆ. ಇನ್ಸುಲಿನ್ನಿಗೆ ದೇಹ ಮೊಂಡಾಗುವುದೂ ಕಡಿಮೆ. ಬೇಗ ಮನೆಗೆ ಮರಳುತ್ತಾರೆಂಬ ಮಾತು ಅಷ್ಟು ಗಟ್ಟಿಯಲ್ಲ. ಸಕ್ಕರೆ ಕಾಯಿಲೆಯವರಿಗೆ ಇದು ಹೊಂದದಿರಬಹುದು. ಮನೆಯ ಪಾನಕ ಇದಕ್ಕೆ ಬದಲಿಯಲ್ಲ.

ಅಜ್ಜ ಕೇಳಲಾರರು. ನೀರು ಎಷ್ಟು ಗಂಟೆಯವರೆಗೆ ಕೊಡಬಹುದೆಂದು ಅರಿವಳಿಕೆ ವೈದ್ಯರನ್ನು ಹಿಂದಿನ ದಿನವೇ ಓದಿದ ಮೊಮ್ಮಕ್ಕಳು ಕೇಳಬೇಕು.